ಕಪನೂರಿನ ಕಾಟಾ

ಬಾಗಿಲಿಗೇ ಒಂದು ಹೊಸ ಹಲಗೆ: "ಮುಟ್ಟಬಹುದು."
ಅದರ ಕೆಳಗೆ ಹಳೆಯದು, ಅರ್ಧ ಅಳಿಸಿದ್ದು:
"ಪರವಾನಿಗೆ ಇಲ್ಲದೆ ಒಳಗೆ ಬರಬಾರದು. ಮಾಲೀಕರು."
ಎರಡನ್ನೂ ಒಂದೇ ಚೌಕಟ್ಟಿಗೆ ಹಿಡಿದೆ.
ಆ ದಿನದ ಮೊದಲ ಫೋಟೋ.

ಕಪನೂರಿನ ಈ ದಾಲ್ ಮಿಲ್ಲು ಮುಚ್ಚಿ ಏಳು ವರ್ಷ.
ಈಗ ನಾಲ್ಕೇ ದಿನಕ್ಕೆ ಕಲೆ ಬಂದು ಬಿಡಾರ ಹೂಡಿದೆ.
ನಾನು ಸೂಪರ್ ಮಾರ್ಕೆಟ್ ಬದಿಯ ಸ್ಟುಡಿಯೋದವ.
ಮೂವತ್ತೊಂದು ವರ್ಷ ಈ ಊರನ್ನು
ನೀಲಿ ಪರದೆಯ ಮುಂದೆ ಕೂರಿಸಿ
ಎಂಟೆಂಟಾಗಿ ಕತ್ತರಿಸಿ ಲಕೋಟೆಯಲ್ಲಿ ಕೊಟ್ಟವ.
"ಗದ್ದ ಸ್ವಲ್ಪ ಮ್ಯಾಲ. ನಗಬ್ಯಾಡ್ರಿ. ಹಾಂ, ಆತು."

ಒಳಗಿನ ಕತ್ತಲಿಗೆ ಕಣ್ಣು ಪಳಗಲು ಅರ್ಧ ನಿಮಿಷ.
ಆಮೇಲೆ ಕಂಡವು, ತಗಡಿನ ಚಾವಣಿಗೆ ತೂಗುಬಿಟ್ಟ
ಖಾಲಿ ಗೋಣಿಚೀಲಗಳು, ನೂರಿದ್ದಾವು,
ತೊಗರಿ ಬದಲು ಒಂದೊಂದು ಬಲ್ಬು ನುಂಗಿದವು.
ಕೆಳಗೆ ನಿಂತು ಉಫ್ ಅಂದರೆ ಒಂದು ಆರುತ್ತದೆ,
ದೂರದ ಮೂಲೆಯಲ್ಲಿ ಬೇರೊಂದು ಹತ್ತುತ್ತದೆ.
ಮಂದಿ ಉಫ್ ಉಫ್ ಅಂದದ್ದೇ ಅಂದದ್ದು.
ಬ್ಯಾಂಕಿನ ಮ್ಯಾನೇಜರ್ ಸಾಹೇಬರೂ ಗಲ್ಲ ಉಬ್ಬಿಸಿದ್ದರು.
ಹೋದ ತಿಂಗಳು ನನ್ನ ಸ್ಟೂಲಿನ ಮೇಲೆ ಕೂತಾಗ
ಈ ಗಲ್ಲ ಎಲ್ಲಿ ಬಚ್ಚಿಟ್ಟಿದ್ದರೋ.

ಶಟರ್ ನಿಧಾನ ಮಾಡಿದೆ. ಮುಖಗಳು ಹೊಗೆಯಾದವು,
ಚೀಲ ಮಾತ್ರ ನಿಚ್ಚಳ.
ಅದೂ ಛಂದವೇ ಅನಿಸಿತು.

ಗೋಡೆ ಬದಿಗೆ ಮಿಲ್ಲಿನ ಹಳೆಯ ಕಾಟಾ.
ಹತ್ತಿ ನಿಂತರೆ ತೂಕ ತೋರಿಸುವುದಿಲ್ಲ, ದನಿ ಹೊರಡಿಸುತ್ತದೆ.
ಸ್ಕೂಲ್ ಪೋರಿಗೆ ಗುಬ್ಬಿ.
ಅವಳಮ್ಮನಿಗೆ ಕುಕ್ಕರು. ಆಕೆ ಇಳಿದು, ಚಪ್ಪಲಿ ಕಳಚಿ,
ಮತ್ತೆ ಹತ್ತಿದರೂ ಕುಕ್ಕರೇ.
ನನಗೆ ಬಂದದ್ದು ಸೊಲ್ಲಾಪುರ ಪ್ಯಾಸೆಂಜರಿನ ಸೀಟಿ.
"ಸೈಬಣ್ಣಾ, ವಾಡಿ ತನಕ ನಮ್ಮನ್ನೂ ಒಯ್ಯಪ್ಪ!" ಅಂದರು ಯಾರೋ.

ಕಾವಲಿಗೆ ಮೌಲಾಲಿ. ಇದೇ ಮಿಲ್ಲಿನಲ್ಲಿ ಹಮಾಲಿ ಮಾಡಿದವ.
ಖಾಕಿ ಅಂಗಿಯ ಇಸ್ತ್ರಿ ಇನ್ನೂ ಮುರಿದಿಲ್ಲ.
"ನಾ ಹತ್ತಂಗಿಲ್ಲ," ಅಂದ.
"ಇದರ ಮ್ಯಾಲ ಚೀಲಾ ಹಾಕಿದಾವ ನಾ. ನಾನೇ ಹ್ಯಾಂಗ ಹತ್ತಲಿ?"
ಮಧ್ಯಾಹ್ನದ ತನಕ ಕಾಟಾದತ್ತ ಬೆನ್ನು ಮಾಡಿಯೇ ನಿಂತ.

ಆಮೇಲೆ ಏನಾಯಿತೋ.
ಮದರಸಾದ ಹುಡುಗನೊಬ್ಬ ಬೆನ್ನಿಗೆ ಜೋತುಬಿದ್ದ,
ಅವನ ಮೇಲೆ ಮತ್ತೊಬ್ಬ, ಕಂಕುಳಿಗೆ ಆ ಗುಬ್ಬಿ ಪೋರಿ.
ಮೌಲಾಲಿ ನಡು ಬಗ್ಗಿಸಿದ.
ಆ ನಡಿಗೆ! ಮೊಣಕಾಲು ಮಡಿಸಿ,
ಹೆಜ್ಜೆ ಸಣ್ಣದಿಟ್ಟು, ಕುತ್ತಿಗೆ ಎತ್ತಿನಂತೆ ಮುಂದೆ ಚಾಚಿ
ಒಂದೂವರೆ ಕ್ವಿಂಟಲ್ ನಗುವನ್ನು ಕಾಟಾಕ್ಕೆ ಏರಿಸಿದ.

ಕಾಟಾ ಸುಮ್ಮನಾಯಿತು.

ಗುಬ್ಬಿಯಿಲ್ಲ, ರೈಲಿಲ್ಲ, ಗರ್ ಅಂತಲೂ ಇಲ್ಲ.
ಇದನ್ನೆಲ್ಲ ಮಾಡಿದ ಶಹಾಬಾದಿನ ಹುಡುಗಿ ಭಾಗ್ಯವಂತಿ
ವೈರು ಹಿಡಿದು ಓಡಿ ಬಂದು ಹಣೆ ಬಡಿದುಕೊಂಡಳು:
"ಕಾಕಾ, ಇಷ್ಟು ವಜ್ಜಕ್ಕ ನಾ ದನಿನೇ ಹಾಕಿಲ್ಲ!"
"ಹಾಕಿಲ್ಲಾ?" ಅಂದ ಮೌಲಾಲಿ. "ಹಂಗಾರ ತಗೋ,"
ಮೂವರನ್ನೂ ಹೊತ್ತುಕೊಂಡೇ ಗಂಟಲು ತೆರೆದು
"ಹೈ...ಸಾ!"
ಒಂದು ಚೀಲ ಆರಿತು. ಇಪ್ಪತ್ತು ಹತ್ತಿದವು.

ನಾನು ಒತ್ತಿದ್ದೆ. ಕೈ ನಡುಗಿತ್ತು. ನಾನೂ ನಗುತ್ತಿದ್ದೆನಲ್ಲ.
ಚಿತ್ರದಲ್ಲಿ ನಾಲ್ಕು ತಲೆಯ ಒಂದು ಮಸುಕು,
ಹಿಂದೆ ಹೊಟ್ಟಿನ ಧೂಳು, ಬಿಸಿಲಿನ ಒಂದು ಓರೆಪಟ್ಟಿ.
ಮದುವೆ ಆಲ್ಬಮ್ಮಿನಲ್ಲಾದರೆ ಇದಕ್ಕೆ ದುಡ್ಡು ಕೊಡುತ್ತಿರಲಿಲ್ಲ.
ದೊಡ್ಡದು ಮಾಡಿಸಿ ಮೌಲಾಲಿಗೆ ಕೊಟ್ಟೆ. ನೋಡಿ ಅಂದ:
"ಇದರಾಗ ನಾ ಯಾರು?"

ಮರುದಿನ ಅಂಗಡಿಗೆ ಸೇಡಂನ ಮೇಷ್ಟರೊಬ್ಬರು,
ಪಿಂಚಣಿ ಅರ್ಜಿಗೆ ಫೋಟೋ ಬೇಕು, ಎಂಟು ಕಾಪಿ.
ಗದ್ದ ಮ್ಯಾಲ ಅಂದೆ. ಎತ್ತಿದರು.
ಅಭ್ಯಾಸದ ಮಾತು ಬಾಯಿಗೆ ಬರಲಿಲ್ಲ.
"ಸರ, ಒಮ್ಮೆ ಉಫ್ ಅನ್ರಿ."
"ಯಾಕ?"
"ಸುಮ್ಮ ಅನ್ರಲ್ಲ."
ಅಂದರು.
ಅದು ಅರ್ಜಿಗೆ ನಡೆಯುವುದಿಲ್ಲ; ಅವರಿಗೆ ಬೇರೆ ತೆಗೆದುಕೊಟ್ಟೆ.